ಸೊಸೆಗಾಗಿ ತಂದ ಆರಡಿ ಛತ್ರಿ

ಎಲ್ಲರೂ ಅವನನ್ನು ಛತ್ರಿಯಣ್ಣ ಎಂದೇ ಕರೆಯುತ್ತಿದ್ದರು. ಹೊಸಬರಿಗೆ ಅದು ಬೈಗುಳದ ಹಾಗೆ ಕೇಳಿಸಿ, ಕ್ಷೌರದ ಕುರ್ಚಿಯಲ್ಲಿ ಕೂತವರು ಗಾಬರಿಯಿಂದ ಅವನ ಕೈಯಲ್ಲಿದ್ದ ಕತ್ತಿಯನ್ನೊಮ್ಮೆ ನೋಡುತ್ತಿದ್ದರು. ಅವನಿಗೇನೂ ಬೇಸರವಿರಲಿಲ್ಲ. ಮನೆಯ ಮಾಳಿಗೆಯ ಮೇಲೆ ಛತ್ರಿಯಂಥ ಮೂರು ಡಿಶ್ ನೆಟ್ಟು ದೂರದೂರದ ದೇಶಗಳ ಚಾನೆಲ್ ಹಿಡಿಯುವವನನ್ನು ಇನ್ನೇನೆಂದು ಕರೆದಾರು? ಒಂದಕ್ಷರ ತಿಳಿಯದಿದ್ದರೂ ಯಾವುದೋ ದೇಶದ ಹವಾಮಾನ ವರದಿಯನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದ ಪುಣ್ಯಾತ್ಮ. ಕೆಳಗೆ ಕಟಿಂಗ್ ಶಾಪ್, ಮೇಲೆ ಮನೆ, ಅದರ ಮೇಲೆ ಆಕಾಶ. ಮೂರೂ ಸ್ವಂತದ್ದೇ ಎಂಬಂತೆ ಓಡಾಡುತ್ತಿದ್ದ.

"ಮುಗಿಲಿಗೆ ಏಣಿ ಹಾಕೋ ಗಂಡ ಸಿಕ್ಕಿದಾನೆ. ಬಟ್ಟೆ ಒಣಗಿಸೋಕೆ ಮಾತ್ರ ಜಾಗ ಇಲ್ಲ" ಎಂಬುದು ಹೆಂಡತಿಯ ನಿತ್ಯದ ಪಾಠ.

ಮಗ ಹೊರದೇಶದಲ್ಲಿ ಕೆಲವು ಕಾಲ ಕೆಲಸ ಮಾಡಿ, ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಕರೆತಂದಿದ್ದ. ಸೊಸೆ ಒಳ್ಳೆಯವಳು. ಮನೆಯ ಮಾತನ್ನು ಬೇಗ ಕಲಿತಳು. ಆದರೆ ಕಲಿತಷ್ಟೂ ಆಡುವುದು ಕಡಿಮೆಯಾಯಿತು. ಹೂಂ, ಸರಿ, ಆಯ್ತು ಮಾವ, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಕಿಟಕಿಯ ಬಳಿ ನಿಂತಳೆಂದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಗಮನವಿಲ್ಲ. ಮನೆಯ ಹುಡುಗಿ ಹೀಗೆ ಬಾಡುತ್ತಿರುವಾಗ ಛತ್ರಿಯಣ್ಣನಿಗೆ ಊಟ ರುಚಿಸಲಿಲ್ಲ. ಅವನಿಗೆ ಗೊತ್ತಿದ್ದ ಔಷಧವೋ ಒಂದೇ. ಅವಳ ಭಾಷೆಯ ಚಾನೆಲ್ಲನ್ನು ಮನೆಗೆ ತರಬೇಕು.

ಡಿಶ್ ಅಂಗಡಿಯವನು ಮಿರಿಮಿರಿ ಮಿಂಚುವ ಪೆಟ್ಟಿಗೆಯೊಂದನ್ನು ಮುಂದಿಟ್ಟ. "ಇದನ್ನೇ ತಗೊಳ್ಳಿ ಅಣ್ಣಾ. ಸಾವಿರ ಚಾನೆಲ್ ನೆನಪಿಟ್ಟುಕೊಳ್ಳುತ್ತೆ."

"ನನಗೆ ಬೇಕಾಗಿರೋದು ಒಂದೇ ಚಾನೆಲ್ ಕಣಪ್ಪಾ. ಸಿಗ್ನಲ್ ಸೊರಗಿದ್ರೂ ಕೈಬಿಡದೆ ಹಿಡ್ಕೊಳ್ಳೋ ಬಾಕ್ಸ್ ಕೊಡು."

ಕೊನೆಗೆ ಆರಿಸಿದ್ದು ಮೂಲೆಯಲ್ಲಿ ಧೂಳು ಹಿಡಿದಿದ್ದ ಕರಿಯ ಬಾಕ್ಸು. ಸಿಗ್ನಲ್ ಏರಿದಂತೆ ಅದು ಕುಂಯ್ ಕುಂಯ್ ಎನ್ನುತ್ತಿತ್ತು. ಮೇಲೆ ಅವನು ಡಿಶ್ ತಿರುಗಿಸುವಾಗ ಕೆಳಗಿನಿಂದ ಹೆಂಡತಿ "ಬಂತು! ಹೋಯ್ತು! ಅಯ್ಯೋ, ಬಂದಿತ್ತು ಕಣ್ರೀ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುವ ಕಷ್ಟ ಇದರಿಂದ ತಪ್ಪುತ್ತಿತ್ತು. ಡಿಶ್ ಮಾತ್ರ ಆರಡಿಯದೇ ಬೇಕೆಂದ. ಆ ಚಾನೆಲ್ಲಿನ ಉಪಗ್ರಹ ಸಿಗ್ನಲ್ ಸುರಿಯುವುದೆಲ್ಲ ಸೊಸೆಯ ದೇಶದ ಮೇಲೆ. ಇಲ್ಲಿಗೆ ಬೀಳುವುದು ಬರೀ ತುಂತುರು. ತುಂತುರು ಹಿಡಿಯಲು ದೊಡ್ಡ ಬೋಗುಣಿಯೇ ಬೇಕಲ್ಲ. ಬಟ್ಟೆಯ ತಂತಿ ಮಾಳಿಗೆಯಿಂದ ಮೆಟ್ಟಿಲಿಗೆ ಇಳಿಯಿತು. ಸೊಸೆಗಾಗಿ ಎಂದು ತಿಳಿದ ಹೆಂಡತಿ ಆ ಸಲ ಗೊಣಗದೆ ತಾನೇ ಅದನ್ನು ಕಟ್ಟಿಕೊಂಡಳು.

ದೊಡ್ಡ ಡಿಶ್ಶಿನ ನೋಟ ಕಿರಿದು. ಕೂದಲೆಳೆಯಷ್ಟು ಸರಿದರೂ ಪಕ್ಕದ ಉಪಗ್ರಹಕ್ಕೆ ಕಣ್ಣು ಹೋಗುತ್ತದೆ. ಗಿರಾಕಿಯ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುವಷ್ಟು ಮೆತ್ತಗೆ ಅವನು ಅದನ್ನು ಬಿಸಿಲಲ್ಲಿ ತಿರುಗಿಸುತ್ತಾ ಹೋದ. ಬಾಕ್ಸು ಕುಂಯ್‌ಗುಟ್ಟಿತು. ಇಳಿದು ಬಂದು ನೋಡಿದರೆ ಟಿವಿಯಲ್ಲಿ ಸಿಗ್ನಲ್ಲಿನ ಕ್ವಾಲಿಟಿ ತೋರಿಸುವ ಪಟ್ಟಿ ತುದಿ ಮುಟ್ಟಿದೆ, ಅಕ್ಷರಗಳೂ ಸೊಸೆ ತವರಿನಿಂದ ತಂದ ಪುಸ್ತಕದಲ್ಲಿದ್ದಂಥವೇ.

"ನಿಮ್ಮದೇ ಅಲ್ವಾ ಮಗಳೇ?"

ಅವಳು ಟಿವಿ ನೋಡಿದಳು, ಬೆವರಲ್ಲಿ ತೊಯ್ದ ಮಾವನ ಮುಖ ನೋಡಿದಳು. ಹೌದೆಂದು ತಲೆಯಾಡಿಸಿ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ!

ಅಂದಿನಿಂದ ಮಧ್ಯಾಹ್ನವಾದರೆ ಸೀರಿಯಲ್. ಹಳದಿ ಸ್ಕಾರ್ಫಿನ ಹುಡುಗಿಯೊಬ್ಬಳ ಕಥೆ. ಮಾವ ಪಕ್ಕದಲ್ಲಿ ಕೂತು "ಈಗೇನಂದ್ಲು?" ಎನ್ನುವುದು, ಸೊಸೆ ಬಿಡಿಸಿ ಹೇಳುವುದು. ಅತ್ತೆಯೂ ಬಂದು ಸೇರಿಕೊಂಡಳು. ಹೂಂ ಎನ್ನುತ್ತಿದ್ದವಳ ಬಾಯಲ್ಲಿ ಮಾತು ಅರಳು ಹುರಿದಂತೆ ಹೊರಟಿತು.

"ಅವಳಿಗೆ ಅಮ್ಮನ್ನ ನೋಡ್ಬೇಕು ಅಂತ ತುಂಬಾ ಆಸೆ ಮಾವ. ಕೇಳೋಕೆ ಧೈರ್ಯ ಇಲ್ಲ."

"ಯಾಕಂತೆ? ಅತ್ತೆ ಗಯ್ಯಾಳಿನಾ?"

"ಇಲ್ಲ, ಎಲ್ರೂ ಒಳ್ಳೆಯವರು. ಅದಕ್ಕೇ ಕೇಳೋಕೆ ಕಷ್ಟ."

"ಎಂಥ ಮನೆ ಜನಾನಪ್ಪಾ! ಮುಖ ನೋಡಿದ್ರೆ ಗೊತ್ತಾಗಲ್ವಾ?" ಎಂದು ಛತ್ರಿಯಣ್ಣ ಟಿವಿಯವರ ಮೇಲೆ ಹರಿಹಾಯ್ದ.

ಅದೇ ಬಾಕ್ಸಿನಿಂದ ಕೆಳಗಿನ ಕಟಿಂಗ್ ಶಾಪಿನ ಟಿವಿಗೂ ಒಂದು ತಂತಿ ಎಳೆದಿದ್ದ. ಒಂದು ದಿನ ಗಡ್ಡ ಮಾಡಿಸಿಕೊಳ್ಳಲು ಬಂದ ಲಾರಿ ಡ್ರೈವರ್, ನೊರೆ ಮೆತ್ತಿದ ಮುಖದಲ್ಲೇ ಟಿವಿ ನೋಡಿ ನಗತೊಡಗಿದ. ಛತ್ರಿಯಣ್ಣ ಹೆಮ್ಮೆಯಿಂದ ಅವಳ ದೇಶದ ಹೆಸರು ಹೇಳಿ, ಇದು ನಮ್ಮ ಸೊಸೆಯ ಭಾಷೆ ಎಂದ.

"ಇಲ್ಲ ಅಣ್ಣಾ, ಇದು ಅವರ ಪಕ್ಕದ ದೇಶದ್ದು. ಅಕ್ಷರ ಒಂದೇ, ಮಾತು ಪೂರ್ತಿ ಬೇರೆ. ನಾನು ಎರಡೂ ಕಡೆ ಗಾಡಿ ಓಡಿಸಿದೀನಲ್ಲ. ನಿಮ್ಮ ಸೊಸೆಯ ದೇಶದವರಿಗೆ ಇದರ ಒಂದು ಮಾತೂ ತಿಳಿಯಲ್ಲ."

"ಹಾಗಾದ್ರೆ ಆ ಹಳದಿ ಸ್ಕಾರ್ಫಿನ ಹುಡುಗಿ? ತವರಿಗೆ ಹೋಗ್ಬೇಕು ಅಂತ ಕೊರಗ್ತಿರೋಳು?"

"ಯಾವ ತವರು? ಅವಳು ವಕೀಲೆ. ದೋಣಿ ಕದ್ದವನ ಮೇಲೆ ಕೇಸು ನಡೆಸ್ತಿದಾಳೆ."

ಮೊದಲು ಅವನಿಗೆ ನಾಚಿಕೆಯಾಯಿತು. ಆರಡಿ ಡಿಶ್ ತಂದೂ ಪಕ್ಕದ ಉಪಗ್ರಹಕ್ಕೆ ಕಣ್ಣು ನೆಟ್ಟಿದ್ದೆನಲ್ಲಾ! ಮರುಗಳಿಗೆ ಕತ್ತಿ ಹಿಡಿದ ಕೈ ನಿಂತೇಹೋಯಿತು. ಟಿವಿಯಲ್ಲಿ ಆ ಕಥೆ ಇಲ್ಲವೆಂದಾದರೆ, ಸೊಸೆ ಇಷ್ಟು ದಿನ ಹೇಳಿದ್ದು ಯಾರ ಕಥೆ?

"ಅಣ್ಣಾ, ಇನ್ನೊಂದು ಕೆನ್ನೆ ಬಾಕಿ ಇದೆ!" ಎಂದು ಡ್ರೈವರ್ ಕೂಗುತ್ತಿದ್ದರೂ ಕೇಳದೆ ಅವನು ಮೆಟ್ಟಿಲು ಹತ್ತಿದ.

ಅತ್ತೆ ಸೊಸೆ ಟಿವಿಯ ಮುಂದಿದ್ದರು. ಛತ್ರಿಯಣ್ಣ ಏದುಸಿರು ಬಿಡುತ್ತಾ ಸೊಸೆಯ ಪಕ್ಕದಲ್ಲಿ ಕೂತ.

"ಇವತ್ತು ಕಥೆ ನಾನು ಹೇಳ್ತೀನಿ ಮಗಳೇ. ಆ ಹುಡುಗಿಯ ಮಾವ ಇದಾನಲ್ಲ, ಶುದ್ಧ ದಡ್ಡ. ಟಿವಿಯ ಪಟ್ಟಿ ನೋಡಿದ, ಅವಳ ಮುಖ ನೋಡ್ಲಿಲ್ಲ. ಈಗ ಅವನಿಗೆ ಬುದ್ಧಿ ಬಂದಿದೆ. ಗಂಡನ್ನ ಜೊತೆ ಮಾಡಿ ಅವಳನ್ನ ಅಮ್ಮನ ಹತ್ರ ಕಳಿಸ್ತಾನೆ. ಇದೇ ತಿಂಗಳು."

"ಅಯ್ಯೋ, ಸೀರಿಯಲ್ ಇನ್ನೂ ಮುಗಿದೇ ಇಲ್ಲ, ನಿಮಗ್ಹೇಗೆ ಗೊತ್ತಾಯ್ತು?" ಎಂದಳು ಹೆಂಡತಿ.

ಸೊಸೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ.

"ಆಮೇಲೇನಾಗುತ್ತೆ ಅಂತ ಮಾತ್ರ ನನಗೆ ಗೊತ್ತಿಲ್ಲ. ಅದನ್ನ ನೀನೇ ಹೇಳ್ಬೇಕು" ಎಂದ.

ಅವಳು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು.

"ವಾಪಸ್ ಬರ್ತಾಳೆ ಮಾವ. ಅವಳ ಮನೆ ಅದೇ ಅಲ್ವಾ."