ಮಂಚದಿಂದ ಕಾಣುವ ಟಿವಿ

ನಾನು ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವನು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ದೂರು ವಿಭಾಗದಲ್ಲೇ ಕಳೆಯಿತು. ಚಾಮರಾಜಪೇಟೆ, ಶಂಕರಪುರಂ, ಬಸವನಗುಡಿ ಕಡೆ ಯಾರ ಮನೆಯ ಫೋನು ಸತ್ತರೂ ದೂರು ನನ್ನ ಮೇಜಿಗೇ ಬರುತ್ತಿತ್ತು. "ರಿಸೀವರ್ ಕೆಳಗಿಟ್ಟು ಮತ್ತೆ ಎತ್ತಿ ನೋಡಿ ಸಾರ್" ಎಂದು ಎಷ್ಟು ಸಾವಿರ ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಅಂಥವನನ್ನು ಹೆಬ್ಬೆರಳಿನಷ್ಟು ಉದ್ದದ ಒಂದು ಕಪ್ಪು ಕಡ್ಡಿ ಸೋಲಿಸುತ್ತದೆ ಎಂದರೆ ಒಪ್ಪಿಕೊಳ್ಳುವುದು ಹೇಗೆ? ಒಪ್ಪಿಕೊಳ್ಳಲಿಲ್ಲ. ಆ ಜಂಬದಿಂದ ನಾನು ಕಳೆದುಕೊಂಡದ್ದೇನು ಎಂಬುದನ್ನು ಬರೆಯಲು ಕೂತಿದ್ದೇನೆ.

ನನ್ನ ಹೆಂಡತಿ ವೀಣೆ ಟೀಚರ್. ಶಂಕರಪುರದ ನಮ್ಮ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಕೂತು ಮೂವತ್ತು ವರ್ಷ ಪಾಠ ಹೇಳಿದಳು. ನಮಗೆ ಮಕ್ಕಳಾಗಲಿಲ್ಲ, ಆದರೆ ಸಂಜೆ ನಾಲ್ಕಾದರೆ ಮನೆ ತುಂಬ ಮಕ್ಕಳು, ಬಾಗಿಲ ಮುಂದೆ ಚಪ್ಪಲಿ ರಾಶಿ. ಕಳೆದ ವರ್ಷ ಯುಗಾದಿಗೆ ಮುಂಚೆ ಅವಳ ಹೊಟ್ಟೆಯ ಕ್ಯಾನ್ಸರ್ ಕೈಮೀರಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮನೆಗೆ ಕರ್ಕೊಂಡ್ಹೋಗಿ ಸಾರ್. ಅವ್ರಿಗೆ ಏನ್ ಇಷ್ಟಾನೋ ಅದನ್ನ ಮಾಡ್ಕೊಡಿ" ಎಂದರು.

ಅವಳಿಗೆ ಇಷ್ಟವಾದದ್ದು ಒಂದೇ ಇತ್ತು. ಅವಳ ಶಿಷ್ಯೆಯೊಬ್ಬಳು, ಎಂಟು ವರ್ಷದವಳಿದ್ದಾಗ ಎರಡು ಜಡೆ ಹಾಕಿಕೊಂಡು ಬಂದವಳು, ಈಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ಪಾಠ ಬಿಡದೆ ಬರುತ್ತಿದ್ದವಳು, ಆ ಸಲದ ರಾಮನವಮಿ ಪೆಂಡಾಲಿನಲ್ಲಿ ಮೊದಲ ಬಾರಿಗೆ ನುಡಿಸುವವಳಿದ್ದಳು. ಆ ವೇದಿಕೆ ನನ್ನ ಹೆಂಡತಿಗೆ ಸಿಕ್ಕಿರಲಿಲ್ಲ. ವರ್ಷಾ ವರ್ಷಾ ಪೆಂಡಾಲಿನ ಹಿಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕಿ, ಪಾನಕ ಕುಡಿದು ನಡೆದು ಬರುತ್ತಿದ್ದಳು, ಅಷ್ಟೇ. ಈಗ ಎದ್ದು ಬಚ್ಚಲಿಗೆ ಹೋಗುವುದಕ್ಕೇ ಇಬ್ಬರು ಹಿಡಿಯಬೇಕಾಗಿತ್ತು. ಶಿಷ್ಯೆ ಹಿಂದಿನ ಭಾನುವಾರ ಬಂದು ಏನೇನು ನುಡಿಸುತ್ತೇನೆಂದು ಒಂದೊಂದಾಗಿ ಹೇಳಿ, ಕೊನೆಗೆ ಟೀಚರ್ ಕಲಿಸಿದ ದೇವರನಾಮ ಎಂದು ಒಪ್ಪಿಗೆ ತೆಗೆದುಕೊಂಡು ಹೋದಳು. "ಲೈವ್ ಬರತ್ತೆ ಟೀಚರ್, ಮಲಗಿದಲ್ಲೇ ನೋಡ್ಬಹುದು" ಎಂದಳು.

ನಮ್ಮ ಟಿವಿ ದೊಡ್ಡದು, ಆದರೆ ಹಳೆಯದು, ಇಂಟರ್ನೆಟ್ ಇಲ್ಲದ್ದು. ಅದರ ಬೆನ್ನಿಗೆ ಚುಚ್ಚಿದರೆ ಇಂಟರ್ನೆಟ್ ತೋರಿಸುವ ಸ್ಟಿಕ್ ತಂದರೆ ಆಯಿತಲ್ಲ ಎಂದುಕೊಂಡೆ. ಕಛೇರಿ ಸಂಜೆ ನಾಲ್ಕೂವರೆಗೆ. ನಾನು ಸ್ಟಿಕ್ ತಂದದ್ದು ಅದೇ ದಿನ ಊಟ ಮುಗಿಸಿ. ಹತ್ತು ನಿಮಿಷದ ಕೆಲಸ ಎಂಬ ಧೈರ್ಯ. ಟಿವಿ ಹಾಲಿನ ಗೋಡೆಯ ಮೇಲಿತ್ತು. ಕೋಣೆಯ ಬಾಗಿಲು ಪೂರ್ತಿ ತೆಗೆದು, ಅವಳ ಮಂಚವನ್ನು ತಿರುಗಿಸಿ ಹಾಕಿದೆ. ತಲೆಗೆ ಎರಡು ದಿಂಬು ಕೊಟ್ಟು, "ಕಾಣತ್ತಾ?" ಎಂದು ಕೇಳಿದೆ. "ಚೆನ್ನಾಗ್ ಕಾಣತ್ತೆ" ಎಂದಳು. ಅವತ್ತು ತಲೆ ಬಾಚಿಸಿಕೊಂಡು, ಮುಡಿದುಕೊಳ್ಳಲು ಹೂವನ್ನೂ ತರಿಸಿಕೊಂಡಿದ್ದಳು.

ಸ್ಟಿಕ್ಕಿಗೆ ನಮ್ಮ ವೈಫೈ ಕಾಣಿಸುತ್ತಿತ್ತು. ಹೆಸರು ತೋರಿಸುತ್ತಿತ್ತು, ಪಾಸ್‌ವರ್ಡ್ ಕೇಳುತ್ತಿತ್ತು. ಬಾಯಿಪಾಠವಾಗಿದ್ದ ಪಾಸ್‌ವರ್ಡನ್ನು ರಿಮೋಟಿನಿಂದ ಒಂದೊಂದೇ ಅಕ್ಷರ ಒತ್ತಿ ಹಾಕಿದೆ. ಚಕ್ರ ತಿರುಗಿತು, ತಿರುಗಿತು, ಸಂಪರ್ಕವಾಗಲಿಲ್ಲ ಎಂದಿತು. ಮತ್ತೆ ಹಾಕಿದೆ. ಮತ್ತೆ ಅದೇ. ರೂಟರ್ ಆರಿಸಿ ಹಚ್ಚಿದೆ. ಸ್ಟಿಕ್ ಕಿತ್ತು ಚುಚ್ಚಿದೆ. ಇದು ಈ ಒಂದೂವರೆ ಅಡಿ ದಪ್ಪದ ಗೋಡೆಗಳ ಕಿತಾಪತಿ ಎಂದು ರೂಟರನ್ನೇ ಬಿಚ್ಚಿ ತಂದು ಟಿವಿಯ ಪಕ್ಕಕ್ಕಿಟ್ಟೆ. ಮುಖಕ್ಕೆ ಮುಖ ಕೊಟ್ಟು ಕೂರಿಸಿದರೂ ಎರಡೂ ಮಾತಾಡಲಿಲ್ಲ. ಕೊನೆಗೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡಿದಾಗ ಅದು ಹೊಸ ವರಾತ ತೆಗೆಯಿತು: ನನ್ನ ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡು, ಅದರ ಮೂಲಕವೇ ಬರಬೇಕಂತೆ. ಮೊಬೈಲನ್ನೂ ಅದರ ಸೇವೆಗೆ ಒಪ್ಪಿಸಿದೆ. ಮನೆಯಲ್ಲಿ ಲೈವ್ ನೋಡಬಹುದಾದ ಫೋನು ಅದೊಂದೇ. ಅವಳದು ಬಟನ್ ಫೋನು.

ನಾಲ್ಕೂವರೆ ದಾಟಿತು. ಕೋಣೆಯಿಂದ ಅವಳು ಕರೆದಳು.

"ರೀ, ಶುರುವಾಗಿರತ್ತೆ. ನಿಮ್ ಫೋನಲ್ಲೇ ಹಾಕ್ಕೊಂಡು ಬನ್ನಿ. ದಿಂಬಿನ ಹತ್ರ ಇಟ್ಕೊಂಡು ಕೇಳೋಣ."

"ಅಂಗೈಯಗಲದಲ್ಲಿ ಏನ್ ಕಾಣತ್ತೆ ನಿಂಗೆ? ಇರೇ, ಐದ್ನಿಮಿಷ."

ಕಸ್ಟಮರ್ ಕೇರಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಬಹಳ ವಿನಯದಿಂದ, "ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?" ಎಂದಳು. ನನಗೆ ಪಿತ್ತ ನೆತ್ತಿಗೇರಿತು. ಈ ಮಾತನ್ನು ನೀನು ಹುಟ್ಟುವ ಮೊದಲಿನಿಂದ ನಾನು ಜನಕ್ಕೆ ಹೇಳಿಕೊಂಡು ಬಂದಿದ್ದೇನೆ ಕಣಮ್ಮ ಎಂದು ರೇಗಿದೆ. ಪಾಪ, ಅವಳು ಸಾರಿ ಕೇಳಿದಳು.

"ರೀ, ಬಿಡ್ರಿ ಅದನ್ನ. ಇಲ್ ಬಂದು ಸುಮ್ನೆ ಕೂತ್ಕೊಳ್ಳಿ" ಎಂದಳು ನನ್ನವಳು.

"ನಿನಗೋಸ್ಕರಾನೇ ಕಣೇ ಇಷ್ಟೆಲ್ಲ ಒದ್ದಾಡ್ತಿರೋದು!" ಎಂದು ಕೂಗಿದೆ. ಕಾಯಿಲೆಯವಳ ಮೇಲೆ ಕೂಗಿದೆ.

ಮೂರನೆಯ ಸಲ ಅವಳು ಬರೀ "ರೀ" ಎಂದಳು. ಆಗ ಕಸ್ಟಮರ್ ಕೇರಿನವರು ನನ್ನನ್ನು ಕಾಯಲು ಹೇಳಿ ಯಾವುದೋ ವಾದ್ಯ ಹಾಕಿಬಿಟ್ಟಿದ್ದರು. ನಾನು ಅದನ್ನು ಕೇಳಿಸಿಕೊಳ್ಳುತ್ತ ನಿಂತಿದ್ದೆ. ಓಗೊಡಲಿಲ್ಲ.

ತಪ್ಪು ಎಲ್ಲಿದೆ ಎಂದು ಸಿಕ್ಕಿದ್ದು ನನ್ನದೇ ನೋಟ್‌ಬುಕ್ಕಿನಲ್ಲಿ. ಪಾಸ್‌ವರ್ಡೇ ಮರೆತಿದ್ದೇನೋ ಎಂಬ ಅನುಮಾನ ಬಂದು, ಟೆಲಿಫೋನ್ ಕಾಲದ ಅಭ್ಯಾಸದಂತೆ ಎಲ್ಲವನ್ನೂ ಬರೆದಿಡುವ ಆ ಪುಸ್ತಕ ತೆಗೆದೆ. ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಕೆಳಗೆ ಕೆಂಪು ಶಾಯಿಯಲ್ಲಿ ನನ್ನ ಮೊಬೈಲು, ಪ್ರಿಂಟರು, ಈಗ ಕೆಟ್ಟು ಮೂಲೆ ಸೇರಿದ್ದ ಲ್ಯಾಪ್‌ಟಾಪು, ಟ್ಯಾಬು, ಹೀಗೆ ನಾಲ್ಕು ಯಂತ್ರಗಳ ಹೆಸರು, ಅವುಗಳ ಉದ್ದುದ್ದ ನಂಬರು, ಅಡಿಗೆರೆ ಎಳೆದು ನನ್ನದೇ ಅಕ್ಷರದಲ್ಲಿ: "ಇವಿಷ್ಟೇ. ಬೇರೆ ಯಾವುದಕ್ಕೂ ಪ್ರವೇಶವಿಲ್ಲ."

ಅದಕ್ಕೂ ಒಂದು ವರ್ಷದ ಹಿಂದೆ, ನಾನು ಕ್ರಿಕೆಟ್ ನೋಡುತ್ತಿದ್ದಾಗ ಮೊಬೈಲು ನಿಂತು ನಿಂತು ಹೋಗುತ್ತಿತ್ತು. ರೂಟರಿನ ಒಳಹೊಕ್ಕು ನೋಡಿದರೆ ಹನ್ನೊಂದು ಫೋನುಗಳು ನಮ್ಮ ವೈಫೈಗೆ ಅಂಟಿಕೊಂಡಿದ್ದವು. ಪಾಠಕ್ಕೆ ಬರುವವರು, ಅವರನ್ನು ಕರೆದೊಯ್ಯಲು ಬರುವ ತಾಯಂದಿರು, ಹೂವಿನವಳು ಸಹಿತ. ಎಲ್ಲರಿಗೂ ಪಾಸ್‌ವರ್ಡ್ ಕೊಟ್ಟವಳು ನನ್ನ ಹೆಂಡತಿ. "ಅದಕ್ಕೇನೀಗ? ಮನೆಗ್ ಬಂದೋರಿಗೆ ನೀರ್ ಕೊಡಲ್ವಾ, ಹಂಗೇ" ಎಂದಳು. ಮನೆಯನ್ನೇನು ಛತ್ರ ಮಾಡಿದ್ದೀಯಾ ಎಂದು ಎಗರಾಡಿದೆ. ಹಿಂದೆ ಫೋನಿನ ಡಯಲ್ಲಿಗೆ ಜನ ಪುಟ್ಟ ಬೀಗ ಹಾಕುತ್ತಿದ್ದರಲ್ಲ, ಹಾಗೆ ರೂಟರಿಗೆ ಬೀಗ ಹಾಕಿದೆ: ಪಟ್ಟಿಯಲ್ಲಿರುವ ನಾಲ್ಕಕ್ಕೆ ಮಾತ್ರ ಬಾಗಿಲು, ಉಳಿದವರು ಸರಿಯಾದ ಪಾಸ್‌ವರ್ಡ್ ಹೇಳಿದರೂ ಆಚೆಯೇ. ಅವಳು ಜಗಳವಾಡಲಿಲ್ಲ. "ನಾಳೆಯಿಂದ ಬಾಗಿಲಲ್ಲಿರೋ ಚಪ್ಪಲಿನೂ ಎಣಿಸ್ಕೊಳ್ಳಿ" ಎಂದು ಒಳಗೆ ಹೋದಳು. ಆಮೇಲೆ ನಾನು ಬೀಗದ ವಿಷಯವನ್ನೇ ಮರೆತೆ.

ಬೀಗ ತೆಗೆಯಲು ಎರಡು ನಿಮಿಷ ಸಾಕಾಯಿತು. ಟಿವಿ ತುಂಬ ಪೆಂಡಾಲು ಬಂತು. "ಬಂತು ನೋಡೇ!" ಎಂದು ಕಿರುಚಿದೆ. ತೆರೆಯ ಮೇಲೆ ಶಿಷ್ಯೆಗೆ ಯಾರೋ ಶಾಲು ಹೊದಿಸುತ್ತಿದ್ದರು. ಇನ್ನೊಬ್ಬರು ಮೃದಂಗವನ್ನು ಚೀಲಕ್ಕೆ ಹಾಕುತ್ತಿದ್ದರು. ಗಂಟೆ ಆರಾಗಿತ್ತು.

ಕೋಣೆಗೆ ಹೋದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಮಡಿಸಿಟ್ಟ ಕಂಬಳಿಯ ಮೇಲೆ ಅವಳ ಎಡಗೈ ಬೆರಳುಗಳು ಮೆಲ್ಲಗೆ ಸರಿಯುತ್ತಿದ್ದವು, ವೀಣೆಯ ಮೆಟ್ಟಿಲುಗಳ ಮೇಲೆ ಸರಿಯುವ ಹಾಗೆಯೇ. "ಮುಗೀತು ಕಣೇ" ಎಂದೆ. "ಹೂಂ, ಗೊತ್ತು" ಎಂದಳು. ನಾನು ಹಾಸಿಗೆಯ ಅಂಚಿನಲ್ಲಿ ಕೂತೆ. ಬೆವರಿದ್ದ ನನ್ನ ಹಣೆಯನ್ನು ಅವಳೇ ಸೆರಗಿನಿಂದ ಒರೆಸಿದಳು.

ಏಳರ ಹೊತ್ತಿಗೆ ಅವಳ ಬಟನ್ ಫೋನಿಗೆ ಶಿಷ್ಯೆಯ ಕರೆ ಬಂತು. ಕಿವಿಗೆ ಹಿಡಿದುಕೊಳ್ಳುವ ಶಕ್ತಿ ಇಲ್ಲದ್ದರಿಂದ ಸ್ಪೀಕರ್ ಹಾಕಿ ದಿಂಬಿನ ಮೇಲಿಟ್ಟೆ.

"ಟೀಚರ್, ಕೇಳಿದ್ರಾ?"

ನಾನು ತಲೆ ತಗ್ಗಿಸಿದೆ. ಅವಳು ನನ್ನ ಕಡೆ ನೋಡದೆ, "ಕೇಳ್ದೆ ಕಣೇ. ಎಲ್ಲಾ ಕೇಳ್ದೆ. ಕೊನೇಲಿ ದೇವರನಾಮ ನುಡಿಸಿದ್ಯಲ್ಲ, ಕಣ್ಣಲ್ಲಿ ನೀರೇ ಬಂತು" ಎಂದಳು.

"ದೇವರನಾಮ..." ಎಂದು ಆ ಕಡೆಯ ಮಾತು ಅರ್ಧಕ್ಕೆ ನಿಂತಿತು. ಆಮೇಲೆ, "ಎಲ್ಲಾ ನಿಮ್ಮ ಆಶೀರ್ವಾದ ಟೀಚರ್" ಎಂಬ ಮಾತು ಬಂತು.

ಮಾರನೆಯ ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮೊದಲು ಶಿಷ್ಯೆ ಮನೆಗೆ ಬಂದಳು. ವೇದಿಕೆಯಲ್ಲಿ ಕೊಟ್ಟ ಶಾಲನ್ನು ಟೀಚರಿಗೆ ಹೊದಿಸಿ, ಗೋಡೆಗೆ ಒರಗಿಸಿದ್ದ ವೀಣೆಯನ್ನು ಕೆಳಗಿಳಿಸಿ ಶ್ರುತಿ ಮಾಡಿದಳು. ಮಂಚದ ಪಕ್ಕ ಕೂತು ಅದೊಂದೇ ದೇವರನಾಮವನ್ನು ನುಡಿಸಿದಳು. ನಾನು ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ನಿನ್ನೆ ನುಡಿಸಿದ್ದನ್ನೇ ಮತ್ತೆ ನುಡಿಸುತ್ತಿದ್ದಾಳೆ, ಹೊಗಳಿಕೆ ಬೇಕಾಗಿರಬೇಕು ಎಂದುಕೊಂಡೆ. ನನ್ನ ಬುದ್ಧಿ ಓಡಿದ್ದು ಅಷ್ಟೇ. ನುಡಿಸಿ ಮುಗಿಸಿದ ಮೇಲೆ ಟೀಚರ್ ಅವಳನ್ನು ಹತ್ತಿರ ಬಗ್ಗಿಸಿಕೊಂಡು ಕಿವಿಯಲ್ಲಿ ಏನೋ ಹೇಳಿದಳು.

ಆಮೇಲೆ ನಾನು ಅವಳ ಪಕ್ಕದಿಂದ ಏಳಲಿಲ್ಲ. ಆದರೆ ನೋವಿಗೆ ಕೊಡುತ್ತಿದ್ದ ಔಷಧ ಜಾಸ್ತಿಯಾಗಿ, ಅವಳು ಮಂಪರಿನಲ್ಲೇ ಇರುತ್ತಿದ್ದಳು. ಆ ಕಛೇರಿಯ ರೆಕಾರ್ಡಿಂಗ್ ಇತ್ತು. ಹಾಕಲಾ ಎಂದು ಕೇಳಿದರೆ "ಆಮೇಲೆ" ಎನ್ನುತ್ತಿದ್ದಳು. ಇಪ್ಪತ್ಮೂರು ದಿನಕ್ಕೆ ಹೋದಳು. ನಾನು ಪಕ್ಕದಲ್ಲೇ ಇದ್ದೆ. ನನ್ನನ್ನು ಕರೆಯಲಿಲ್ಲ.

ರೆಕಾರ್ಡಿಂಗ್ ಹಾಕುವ ಧೈರ್ಯ ನನಗೆ ಬಂದದ್ದು ಏಳೆಂಟು ತಿಂಗಳಾದ ಮೇಲೆ. ಒಂದು ಭಾನುವಾರ ಮಧ್ಯಾಹ್ನ, ಹಾಲಿನಲ್ಲಿ ಕೂತು ಮೊದಲಿನಿಂದ ನೋಡಿದೆ. ಸ್ಟಿಕ್ ಒಂದು ಚೂರೂ ತೊಂದರೆ ಕೊಡಲಿಲ್ಲ. ಶಿಷ್ಯೆ ಚೆನ್ನಾಗಿ ನುಡಿಸಿದ್ದಾಳೆ. ಕೊನೆಗೆ ಬರುವಷ್ಟರಲ್ಲಿ ವೇದಿಕೆಯ ಪಕ್ಕದಿಂದ ಒಬ್ಬರು ಚೀಟಿ ಕೊಡುತ್ತಾರೆ. ಅವಳು ಅದನ್ನು ಓದಿ, ಮೃದಂಗದವರ ಕಡೆ ನೋಡಿ, ನೇರವಾಗಿ ಮಂಗಳಕ್ಕೆ ಹೋಗಿಬಿಡುತ್ತಾಳೆ. ಸಮಯ ಮುಗಿದಿತ್ತು. ದೇವರನಾಮವನ್ನು ಅವಳು ಅವತ್ತು ನುಡಿಸಲೇ ಇಲ್ಲ.

ರಿಮೋಟ್ ಕೆಳಗಿಟ್ಟೆ. ಶಿಷ್ಯೆಗೆ ಫೋನು ಮಾಡಿದೆ.

"ಟೀಚರ್ ಕೇಳಿಲ್ಲ ಅಂತ ನಿಂಗೆ ಅವತ್ತೇ ಗೊತ್ತಾಗಿತ್ತಾ ಮಗು?"

"ಗೊತ್ತಾಯ್ತು ಅಂಕಲ್."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಟೀಚರೇ ಬೇಡ ಅಂದ್ರು. ಮಾರನೇ ದಿನ ಕಿವೀಲಿ ಹೇಳಿದ್ರು, 'ನಾನು ಕೇಳಿಲ್ಲ ಅಂತ ಅವ್ರ ಮುಂದೆ ಯಾವತ್ತೂ ಅನ್ಬೇಡ್ವೇ. ಎರಡು ಗಂಟೆ ಹೋರಾಡಿದ್ದಾರೆ, ಕೊರಗ್ತಾರೆ' ಅಂತ." ಮತ್ತೆ ಅವಳೇ ಹೇಳಿದಳು. "ಬೇಜಾರ್ ಮಾಡ್ಕೋಬೇಡಿ ಅಂಕಲ್. 'ಅವತ್ತೆಲ್ಲ ಅವ್ರನ್ನೇ ನೋಡ್ತಾ ಇದ್ದೆ' ಅಂದ್ರು ಟೀಚರ್."

ಫೋನಿಟ್ಟು ಕೋಣೆಗೆ ಹೋದೆ. ಮಂಚವನ್ನು ಅವತ್ತು ತಿರುಗಿಸಿದ ಹಾಗೆಯೇ ಬಿಟ್ಟಿದ್ದೇನೆ. ಅವಳು ತಲೆ ಇಡುತ್ತಿದ್ದ ಕಡೆ ನಾನೇ ಮಲಗಿ, ಎರಡು ದಿಂಬು ಇಟ್ಟುಕೊಂಡು ಹಾಲಿನ ಕಡೆ ನೋಡಿದೆ. ಟಿವಿ ಚೆನ್ನಾಗಿಯೇ ಕಾಣುತ್ತದೆ, ಅದರ ಮುಂದೆ ಯಾರೂ ನಿಂತಿರದಿದ್ದರೆ. ಅವತ್ತು ನಾನು ನಿಂತಿದ್ದೆ. ಹೂ ಮುಡಿದುಕೊಂಡು ಮಲಗಿದ್ದ ಅವಳಿಗೆ ಆ ಸಂಜೆಯಿಡೀ ಕಂಡದ್ದು ನನ್ನ ಬೆನ್ನು.