ಹೆದ್ದಾರಿಯಾಚೆಯ ಪರವೂರು

ಹತ್ತರಗಿಯ ಹತ್ತಿರ ಬಸ್ಸು ನನ್ನನ್ನು ಹೆದ್ದಾರಿಯ ಈಚೆ ಬದಿಗೆ ಇಳಿಸಿ ಹೋಯಿತು. ಹುಕ್ಕೇರಿಯ ಬಸ್ಸು ಸಿಗುವುದು ಆಚೆ ಬದಿಯಲ್ಲಿ. ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಕೊರಗುತ್ತ ಬಂದವನಿಗೆ, ಒಂದರ ಹಿಂದೊಂದು ನುಗ್ಗುವ ಲಾರಿಗಳನ್ನು ಕಂಡು ಆ ಚಿಂತೆ ಮರೆತೇಹೋಯಿತು.

"ದಾಟಾವ್ರೇನ್ರಿ?"

ಬಟ್ಟೆ ಸುತ್ತಿದ ಡಬ್ಬಿ ಹಿಡಿದ ಮುದುಕಿಯೊಬ್ಬಳು ಕೇಳಿದಳು. ಇಲ್ಲಿ ಯಾರೂ ಒಬ್ಬರೇ ದಾಟುವುದಿಲ್ಲವಂತೆ. ಜೊತೆ ಸಿಗುವವರೆಗೆ ಕಾಯುತ್ತಾರೆ.

"ಎಲ್ಲಿಗೆ ಹೊಂಟೀರಿ ಯವ್ವಾ?"

"ಪರವೂರಿಗ್ರಿ, ಮಗಳ ಮನಿಗೆ. ಆಕೀಗಿ ಜ್ವರ ಬಂದಾವು. ಗಂಜಿ ಆರಾಕತ್ತೈತಿ."

ಯಾವ ಊರೆಂದು ಕೇಳಿದೆ. ರಸ್ತೆಯಾಚೆಯ ತಗಡಿನ ಮನೆಯತ್ತ ಗದ್ದ ಎತ್ತಿ ತೋರಿಸಿದಳು. "ಕಣ್ಣೆದುರಿಗೆ ಇರ್ಲಿ ಅಂತ ಊರಾಗ ಕೊಟ್ಟಿದ್ದೆ. ರೋಡ್ ಅಗಲ ಆತು, ಪರವೂರಾತು."

"ಕೆಳಗ ಹಾದು ಹೋಗೂ ದಾರಿ ಇಲ್ಲೇನ್ರಿ?"

"ಐತ್ರಿ, ಭಾಳ ದೂರ. ನನ್ನ ಮೊಣಕಾಲು ಅಲ್ಲೀತನ ಬರೂದಿಲ್ಲ ಅಂತಾವು."

ಕೈಹಿಡಿದು ಹೊರಟೆವು. ನಡುವಿನ ಡಿವೈಡರ್ ಮೇಲೆ ನಿಂತಾಗ ಲಾರಿಯೊಂದರ ಗಾಳಿಗೆ ಇಬ್ಬರೂ ಹೊಯ್ದಾಡಿದೆವು. "ಅಂಜಬ್ಯಾಡೋ ಯಪ್ಪಾ, ನಾ ಅದೇನಿ," ಎಂದಳು. ದಾಟಿಸುತ್ತಿರುವವನು ನಾನು ಎಂದುಕೊಂಡಿದ್ದೆ.

ಆಚೆ ಮುಟ್ಟಿದ ಮೇಲೆ ಡಬ್ಬಿಯನ್ನು ಕೆನ್ನೆಗೆ ಒತ್ತಿ ನೋಡಿದಳು. ಬಿಸಿ ಉಳಿದಿರಲಿಲ್ಲ.

"ಇರ್ಲಿ, ಕಾಸಿ ಕೊಡ್ತೇನಿ. ನೀ ತಿರುಗಿ ಯಾವಾಗ ಬರ್ತೀಯಪ್ಪಾ?"

ನಾನು ಮರಳುವುದು ಗೋಕಾಕದ ಮೇಲೆ ಹಾಯ್ದು, ಈ ದಾರಿಯಲ್ಲಲ್ಲ. ಆದರೂ "ನೋಡ್ತೇನ್ರಿ," ಎಂದೆ.

"ಹಂಗಾರ ಸಂಜೀಕ ಇಲ್ಲೇ ನಿಂತಿರ್ತೇನಿ," ಎಂದಳು.