ರೋಗ್ಲರ್ ಗುರುತು ಹಾಕಿದ ಕಲ್ಲು

ಫಿಖ್ಟೆಲ್ ಬೆಟ್ಟದ ನಮ್ಮ ಊರಿನಲ್ಲಿ ನಾನು ಗ್ರಾನೈಟ್ ದಿಮ್ಮಿ ಮಾರುವವನು. ಬರಿಯ ದಿಮ್ಮಿಗೆ ಒಂದು ಬೆಲೆ, ವೆಂಡೆಲಿನ್ ರೋಗ್ಲರ್ ಗುರುತು ಹಾಕಿದ ದಿಮ್ಮಿಗೆ ಇನ್ನೊಂದು. ಮರಕ್ಕಿರುವಂತೆ ಕಲ್ಲಿಗೂ ಸುಲಭವಾಗಿ ಸೀಳುವ ದಿಕ್ಕೊಂದಿರುತ್ತದೆ. ರೋಗ್ಲರ್ ಕಲ್ಲನ್ನು ಒದ್ದೆ ಮಾಡಿ, ಕಣ್ಣು ಮುಚ್ಚಿ, ಬೆರಳ ತುದಿಯಿಂದ ಸವರಿ ಆ ದಿಕ್ಕನ್ನು ಗುರುತು ಹಾಕುತ್ತಿದ್ದ. ಐವತ್ತು ವರ್ಷ ಅವನಿಗೆ ಯಾರೂ ಎದುರು ಮಾತಾಡಿರಲಿಲ್ಲ. ಮಾತಾಡಲು ಅವನು ಬಿಟ್ಟೂ ಇರಲಿಲ್ಲ.

ಕಳೆದ ವಸಂತದಲ್ಲಿ ಯಾನಿನಾ ಎಂಬ ಎಂಜಿನಿಯರ್ ನಮ್ಮ ಹಳ್ಳದ ಕಾಲುಸೇತುವೆಗೆ ಹೊಸ ಬಗೆಯ ತೊಲೆ ಮಾಡಲು ಬಂದಳು. ತೆಳು ಗ್ರಾನೈಟ್ ಹಲಗೆಗಳು, ನಡುನಡುವೆ ಕಾರ್ಬನ್ ನಾರಿನ ಕರಿ ಹಾಸು, ಅಂಟು. ಕಬ್ಬಿಣ ಬೇಡ, ಸಿಮೆಂಟ್ ಬೇಡ, ಕಲ್ಲೂ ಮೂರರಲ್ಲೊಂದು ಪಾಲು ಸಾಕು. ಈ ಕೊನೆಯ ಮಾತು ನನಗೆ ಅಷ್ಟು ರುಚಿಸಲಿಲ್ಲ.

"ಕಲ್ಲಿಗೂ ಸೊಂಟನೋವಿನ ಪಟ್ಟಿ ಕಟ್ತೀರಾ, ಡಾಕ್ಟರಮ್ಮ?" ಎಂದ ರೋಗ್ಲರ್.

"ನೀವು ಕಟ್ಕೊಂಡಿಲ್ವಾ? ನಿಮ್ಮ ಹಂಗೇ ಅದೂ ಭಾರ ಹೊರ್ಬೇಕಲ್ಲ. ದಿಮ್ಮಿಗೆ ಗುರುತು ಮಾತ್ರ ನೀವೇ ಹಾಕ್ಬೇಕು."

ಹಾಕಿದ. ಆ ಗುರುತಿನಂತೆ ಹಲಗೆ ಕೊಯ್ದು ತೊಲೆ ಕಟ್ಟಿದರು. ಊರ ಸಭೆಯವರ ಮುಂದೆ ಮರಳು ಚೀಲ ಹೇರಿದಾಗ ಹೊರಬೇಕಾದ ಭಾರದ ಮುಕ್ಕಾಲಿಗೇ ಟಪ್ಪೆಂದಿತು. ನಾರು ಹಿಡಿದುಕೊಂಡಿದ್ದರಿಂದ ತೊಲೆ ಬೀಳಲಿಲ್ಲ. ಕಲ್ಲು ಮಾತ್ರ ಚಾಕುವಿನಿಂದ ಕೊಯ್ದ ಬ್ರೆಡ್ಡಿನಷ್ಟು ನೇರವಾಗಿ ಸೀಳಿತ್ತು.

ಯಾನಿನಾಳ ಕಿವಿ ಕೆಂಪಾಯಿತು. "ಅಂಟು ಕೈಕೊಟ್ಟಿದೆ. ನನ್ನದೇ ತಪ್ಪು."

"ಹಾಗಾದ್ರೆ ಬುಧವಾರದ ಸಭೆಯಲ್ಲಿ ಕಾಂಕ್ರೀಟ್ ಸೇತುವೆಗೇ ಕೈ ಎತ್ತೋಣ," ಎಂದರು ಊರ ಅಧ್ಯಕ್ಷರು.

ಹಾಗೆ ನೇರವಾಗಿ ಸೀಳಬೇಕಾದರೆ ಹಲಗೆಯನ್ನು ಅಡ್ಡ ದಿಕ್ಕಿಗೆ ಕೊಯ್ದಿರಬೇಕು, ಅಂದರೆ ಗುರುತೇ ತಪ್ಪಿರಬೇಕು. ಅದು ನನಗೆ ಕಂಡಿತು, ರೋಗ್ಲರನಿಗೂ ಕಂಡಿತು. ಇಬ್ಬರೂ ನಮ್ಮ ನಮ್ಮ ಬೂಟು ನೋಡಿಕೊಂಡೆವು.

ಬುಧವಾರ ಬೆಳಿಗ್ಗೆ ಅವನು ನನ್ನ ಕಚೇರಿಗೆ ಬಂದು ಮೇಜಿನ ಮೇಲೆ ಕೈ ಚಾಚಿದ.

"ಸೂಜಿ ಚುಚ್ಚು."

"ತಲೆ ಕೆಟ್ಟಿದೆಯಾ?"

"ಚುಚ್ಚು ಅಂದೆ."

ಚುಚ್ಚಿದೆ. ರಕ್ತ ಬಂತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಗಾಳಿಯ ಒತ್ತಡದಿಂದ ಅದುರುವ ಸುತ್ತಿಗೆ ಹಿಡಿದು ಹಿಡಿದು ಬೆರಳ ತುದಿ ಸತ್ತು ನಾಲ್ಕು ವರ್ಷವಾಗಿತ್ತಂತೆ.

"ಊಹೆ ಮೇಲೆ ಹಾಕ್ತಿದ್ದೆ. ಹೆಚ್ಚಿನಂಶ ಸರಿ ಬರ್ತಿತ್ತು."

"ಹಾಗಾದ್ರೆ ಸುಮ್ನಿರು ಮಾರಾಯ. ಅವಳೇ ಅಂಟಿನ ತಪ್ಪು ಅಂದಿದಾಳೆ." ಈ ಮಾತು ಹೇಳಿದವನು ನಾನೇ. ಅಂಗಳದಲ್ಲಿ ಅವನ ಗುರುತಿನ ಇಪ್ಪತ್ತು ದಿಮ್ಮಿ ಬಿದ್ದಿದ್ದವು.

"ಅದನ್ನೇ ನುಂಗಕ್ಕಾಗ್ತಿಲ್ಲ. ಆ ಹುಡುಗಿ ಮೂರು ದಿನದಿಂದ ಅಂಟು ಕಲಸ್ತಾ ಕೂತಿದಾಳೆ."

ಸಭೆಯಲ್ಲಿ ಟೋಪಿ ತೆಗೆದು ಎದ್ದು ನಿಂತ. "ಅಂಟಲ್ಲ. ದಿಕ್ಕು ನಾನು ತಪ್ಪು ಹಾಕಿದೆ. ನಾಲ್ಕು ವರ್ಷದಿಂದ ನನ್ನ ಬೆರಳಿಗೆ ಏನೂ ತಿಳಿಯಲ್ಲ."

ಹಿಂದಿನ ಬೆಂಚಿನಿಂದ ಬೇಕರಿಯ ಹೈನರ್ ಕೇಳಿದ: "ನಮ್ಮಪ್ಪನ ಗೋರಿಕಲ್ಲು ಹೋದ್ವರ್ಷದ್ದು, ವೆಂಡೆಲಿನ್."

"ಅದೂ ಊಹೆನೇ, ಹೈನರ್."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ತೊಲೆಗೆ ಇನ್ನೊಂದು ಪರೀಕ್ಷೆ ಕೊಡುವುದೆಂದಾಯಿತು. ಯಾನಿನಾ ಕೈಕುಲುಕಲು ಬಂದಾಗ ಅವನ ಎರಡೂ ಕೈ ಕೋಟಿನ ಜೇಬಿನಲ್ಲಿದ್ದವು, ಈಚೆ ಬರಲಿಲ್ಲ.

ಮರುದಿನದಿಂದ ನನ್ನ ಫೋನು ಬಿಡದೆ ಬಡಿದುಕೊಂಡಿತು. ರೋಗ್ಲರನ ಬೆರಳು ಎಂದಿನಿಂದ ಹೀಗೆ ಎಂದು ಗಿರಾಕಿಯೊಬ್ಬರು ಕೇಳಿದರು.

"ಒಂದು ವರ್ಷ ಇರ್ಬಹುದು," ಎಂದೆ.

ಎದುರಿಗೆ ಕೂತಿದ್ದ ರೋಗ್ಲರ್ ಫೋನು ಕಸಿದುಕೊಂಡ. "ನಾಲ್ಕು. ವಿಳಾಸ ಹೇಳಿ, ನಾನೇ ಬಂದು ಕಲ್ಲು ನೋಡ್ತೀನಿ." ತನ್ನ ಬೆರಳು ನೋಡಿಕೊಂಡ. "ಅಲ್ಲ, ನೋಡಬಲ್ಲವರನ್ನ ಕರ್ಕೊಂಡು ಬರ್ತೀನಿ."